ಅಪ್ಪ-ಅಮ್ಮ ಅಮೆರಿಕಕ್ಕೆ ಬರುವಾಗ ಯಾವ ಇನ್ಶೂರೆನ್ಸ್ ಮಾಡಿಸಬೇಕು?

ನಿಮ್ಮ ತಂದೆಗೆ 69, ಬಿಪಿ-ಶುಗರ್ ಎರಡೂ ಇದೆ, ತಾಯಿಗೆ 64. ಮೈಸೂರಿನಿಂದ ಆರು ತಿಂಗಳಿಗೆ ನಿಮ್ಮ ಹತ್ತಿರ ಬರುತ್ತಿದ್ದಾರೆ. ಒಂದು ಲಕ್ಷ ಡಾಲರ್ ಎಂದು ಬರೆದಿರುವ ಅಗ್ಗದ ಪ್ಲಾನ್ ಸಾಕಾ, ಇಂಡಿಯಾದಲ್ಲೇ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಆ ಒಂದು ಲಕ್ಷವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪಾಲಿಸಿ ಯಾವ ಲೆಕ್ಕದಲ್ಲಿ ಹಣ ಕೊಡುತ್ತದೆ ಅನ್ನುವುದನ್ನು ಮೊದಲು ನೋಡಿ. ಅದನ್ನು ನೋಡದೆ ನಾನು ಪೆಟ್ಟು ತಿಂದಿದ್ದೇನೆ.

ಅಮ್ಮ ಹಾಸನದಿಂದ ಡಲ್ಲಾಸಿಗೆ ಬಂದು ಮೂರನೇ ವಾರ. ರಾತ್ರಿ ತಡೆಯಲಾರದ ಹೊಟ್ಟೆನೋವು. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್ ಆಯಿತು, ಪಿತ್ತಕೋಶದಲ್ಲಿ ಕಲ್ಲು ಎಂದರು, ಒಂದು ರಾತ್ರಿ ಇರಿಸಿಕೊಂಡರು. ಬಿಲ್ಲು 23 ಸಾವಿರ ಡಾಲರ್. 50 ಸಾವಿರದ ಪಾಲಿಸಿ ಇದೆಯಲ್ಲ ಎಂಬ ಧೈರ್ಯದಲ್ಲಿದ್ದೆ. ಕಂಪನಿ ಕೊಟ್ಟದ್ದು ಮೂರು ಸಾವಿರಕ್ಕೂ ಕಡಿಮೆ.

ಅದು ಫಿಕ್ಸೆಡ್ ಬೆನಿಫಿಟ್ ಪ್ಲಾನ್ ಆಗಿತ್ತು. ಎಮರ್ಜೆನ್ಸಿಗೆ ಹೋದರೆ ಇಷ್ಟು, ಸ್ಕ್ಯಾನಿಗೆ ಇಷ್ಟು, ಆಸ್ಪತ್ರೆಯ ಒಂದು ದಿನಕ್ಕೆ ಇಷ್ಟು ಎಂದು ಒಂದೊಂದಕ್ಕೂ ಮೊದಲೇ ಮಿತಿ ಹಾಕಿರುತ್ತಾರೆ. ಬಿಲ್ಲು ಎಷ್ಟೇ ಬರಲಿ, ಆ ಮಿತಿ ದಾಟಿ ಒಂದು ಡಾಲರನ್ನೂ ಕೊಡುವುದಿಲ್ಲ. ಮೇಲೆ ದಪ್ಪಕ್ಷರದಲ್ಲಿರುವ ದೊಡ್ಡ ಮೊತ್ತವನ್ನು ನೀವು ಮುಟ್ಟುವುದೇ ಇಲ್ಲ. (ನಾವು ಬಾಬುವಾರು ಬಿಲ್ಲು ಕೇಳಿ, ಆಸ್ಪತ್ರೆಯ ಧನಸಹಾಯದ ಅರ್ಜಿ ತುಂಬಿ, ಬಹಳಷ್ಟು ಕಡಿಮೆ ಮಾಡಿಸಿಕೊಂಡೆವು. ಲಾಭರಹಿತ ಆಸ್ಪತ್ರೆಗಳು ಅಂಥದ್ದೊಂದು ವ್ಯವಸ್ಥೆ ಇಟ್ಟಿರಲೇಬೇಕು ಎಂದು ಇಲ್ಲಿ ಕಾನೂನಿದೆ. ಆದರೆ ಅದಕ್ಕೆ ಐದು ತಿಂಗಳು ಓಡಾಡಬೇಕಾಯಿತು.)

ನೀವು ಕೊಳ್ಳಬೇಕಾದದ್ದು ಕಾಂಪ್ರಹೆನ್ಸಿವ್ ಪ್ಲಾನ್. ಇದರ ಲೆಕ್ಕ ಬೇರೆ. ಡಿಡಕ್ಟಿಬಲ್ (ಕಂಪನಿ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) 250 ಡಾಲರ್ ಅಂದುಕೊಳ್ಳಿ, ಅದು ನಿಮ್ಮ ಕೈಯಿಂದ. ಆಮೇಲಿನ 5,000 ಡಾಲರಿಗೆ ಕಂಪನಿ ಶೇಕಡಾ 80, ನೀವು ಶೇಕಡಾ 20, ಅಂದರೆ ನಿಮ್ಮ ಪಾಲು ಒಂದು ಸಾವಿರ. ಅದರಾಚೆ ಪಾಲಿಸಿಯ ಮೊತ್ತದವರೆಗೆ ಪೂರ್ತಿ ಕಂಪನಿಯದು. ಹೀಗಿರುವ ಪ್ಲಾನಿನಲ್ಲಿ, ಪಾಲಿಸಿಗೆ ಒಳಪಡುವ ಕಾಯಿಲೆಯಾಗಿ, ಕಂಪನಿಯ ಜೊತೆ ಒಪ್ಪಂದವಿರುವ ನೆಟ್‌ವರ್ಕ್ ಆಸ್ಪತ್ರೆಗೇ ಹೋಗಿದ್ದರೆ, ನಿಮ್ಮ ಕೈಯಿಂದ ಹೋಗುವುದು ಸುಮಾರು 1,250. ಪ್ರೀಮಿಯಂ ಹೆಚ್ಚು, ನಿಜ. ಬೇಕಿದ್ದರೆ ಡಿಡಕ್ಟಿಬಲ್ ಏರಿಸಿ ಪ್ರೀಮಿಯಂ ಇಳಿಸಿಕೊಳ್ಳಿ, ಆದರೆ ಪ್ಲಾನಿನ ಜಾತಿ ಬದಲಿಸಬೇಡಿ.

ಈಗ ನಿಮ್ಮ ತಂದೆಯ ಬಿಪಿ, ಶುಗರ್. ಮೊದಲಿನಿಂದ ಇರುವ ಕಾಯಿಲೆಯ ಮಾಮೂಲಿ ಚಿಕಿತ್ಸೆ, ತಪಾಸಣೆ, ಮಾತ್ರೆ ಇವಕ್ಕೆ ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಒಳ್ಳೆಯ ಪ್ಲಾನ್‌ಗಳಲ್ಲಿ ಸಿಗುವುದು 'ಅಕ್ಯೂಟ್ ಆನ್‌ಸೆಟ್' ಅನ್ನುವ ಕಲಮು. ಹಳೆಯ ಕಾಯಿಲೆಯೇ ಯಾವ ಮುನ್ಸೂಚನೆಯೂ ಇಲ್ಲದೆ ದಿಢೀರನೆ ಕೆರಳಿ ತಕ್ಷಣ ಚಿಕಿತ್ಸೆ ಬೇಕಾದರೆ ಮಾತ್ರ ಕೊಡುತ್ತಾರೆ. ನಿಧಾನವಾಗಿ ಉಲ್ಬಣಿಸಿದ್ದರೆ ಇಲ್ಲ. ಜೊತೆಗೆ ಅನೇಕ ಪಾಲಿಸಿಗಳಲ್ಲಿ ಇನ್ನೊಂದು ಷರತ್ತು: ಲಕ್ಷಣ ಕಂಡ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು.

ಈ 24 ಗಂಟೆಯ ಬಗ್ಗೆ ನಿಮ್ಮ ತಂದೆ-ತಾಯಿಯ ಜೊತೆ ಕೂತು ಮಾತಾಡಿ, ದಯವಿಟ್ಟು. ನಮ್ಮ ಹಿರಿಯರು ಹೇಳುವುದಿಲ್ಲ. "ಇಲ್ಲಿ ಡಾಕ್ಟರ ಹತ್ತಿರ ಹೋದ್ರೆ ಮಗಳಿಗೆ ಸುಮ್ನೆ ಖರ್ಚು" ಎಂದು ನಮ್ಮಮ್ಮ ಎರಡು ದಿನ ನೋವು ನುಂಗಿಕೊಂಡು ಮಜ್ಜಿಗೆ ಕುಡಿದು ಮಲಗಿದ್ದರು. ನನಗೆ ಈಗಲೂ ಸಂಕಟವಾಗುವುದು ಬಿಲ್ಲಿಗಲ್ಲ, ಆ ಎರಡು ದಿನಕ್ಕೆ. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಇದರಲ್ಲಿ ಯಾವುದು ಕಂಡರೂ ಮಧ್ಯರಾತ್ರಿಯಾದರೂ ಎಬ್ಬಿಸಬೇಕು ಎಂದು ಹೇಳಿಡಿ. ನೀವು 911ಕ್ಕೆ ಫೋನ್ ಮಾಡಿ. ಹಣವಿಲ್ಲ, ಇನ್ಶೂರೆನ್ಸ್ ಇಲ್ಲ ಎಂಬ ಕಾರಣಕ್ಕೆ ಎಮರ್ಜೆನ್ಸಿ ರೋಗಿಯನ್ನು ನೋಡದೆ ಕಳಿಸುವಂತಿಲ್ಲ ಎಂದು 1986ರಿಂದ ಇಲ್ಲಿ ಕಾನೂನಿದೆ. ಬರೀ ಜ್ವರ, ಕೆಮ್ಮು, ಕಾಲು ಉಳುಕಿದ್ದಾದರೆ ಅರ್ಜೆಂಟ್ ಕೇರ್ (ಅಪಾಯಿಂಟ್ಮೆಂಟ್ ಇಲ್ಲದೆ ಹೋಗಬಹುದಾದ ಕ್ಲಿನಿಕ್) ಸಾಕು, ಖರ್ಚು ಎಷ್ಟೋ ಕಡಿಮೆ.

ಇಂಡಿಯಾದ್ದೋ ಇಲ್ಲಿಯದೋ? ಅಪ್ಪ-ಅಮ್ಮನಿಗೆ ಊರಲ್ಲಿ ಮಾಡಿಸಿರುವ ಮಾಮೂಲಿ ಹೆಲ್ತ್ ಪಾಲಿಸಿ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ. ಅಲ್ಲಿಯ ಟ್ರಾವೆಲ್ ಪಾಲಿಸಿ ಪ್ರೀಮಿಯಂನಲ್ಲಿ ಅಗ್ಗ, ಆದರೆ ಹೊರಡುವ ಮೊದಲೇ ಕೊಳ್ಳಬೇಕು. ನಾನಂತೂ ಅಮೆರಿಕದ ಕಂಪನಿಯದನ್ನೇ ಕೊಳ್ಳುತ್ತೇನೆ. ಇಲ್ಲಿಯ ಪಿಪಿಓ (ಕಂಪನಿಯ ಜೊತೆ ದರದ ಒಪ್ಪಂದವಿರುವ ಆಸ್ಪತ್ರೆ-ಡಾಕ್ಟರುಗಳ ಗುಂಪು) ನೆಟ್‌ವರ್ಕಿನ ಕಾರ್ಡ್ ತೋರಿಸಿದರೆ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ ನೇರವಾಗಿ ಕಂಪನಿಗೇ ಬಿಲ್ಲು ಕಳಿಸುವ ಸಾಧ್ಯತೆ ಹೆಚ್ಚು. ವಿಮಾನ ಹತ್ತುವ ದಿನದಿಂದಲೇ ಪಾಲಿಸಿ ಶುರುವಾಗುವಂತೆ ತೆಗೆದುಕೊಳ್ಳಿ. ಯೂರೋಪಿನ ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೋ ಕವರೇಜ್ ತೋರಿಸಲೇಬೇಕು, ಹಾಗಾಗಿ ಎಲ್ಲರೂ ಮಾಡಿಸುತ್ತಾರೆ. ಅಮೆರಿಕದ ವಿಸಿಟರ್ ವೀಸಾಕ್ಕೆ ಯಾರೂ ಕೇಳುವುದಿಲ್ಲ, ಹಾಗಾಗಿಯೇ ಕೊನೇ ವಾರದವರೆಗೆ ತಳ್ಳುತ್ತೇವೆ.

ಕೊನೆಗೆ, ನಿಮ್ಮ ತಂದೆ ಇಲ್ಲಿರುವಾಗಲೇ ಆಗಸ್ಟಿನಲ್ಲಿ 70 ತುಂಬುತ್ತದೆ ಎಂದು ಬರೆದಿದ್ದೀರಿ. ಅನೇಕ ಪ್ಲಾನ್‌ಗಳಲ್ಲಿ 70 ದಾಟಿದರೆ ಒಟ್ಟು ಮೊತ್ತವೋ ಅಕ್ಯೂಟ್ ಆನ್‌ಸೆಟ್ ಮಿತಿಯೋ ಇಳಿಯುತ್ತದೆ. ಪಾಲಿಸಿ ಶುರುವಾದ ದಿನದ ವಯಸ್ಸು ಲೆಕ್ಕಕ್ಕೋ, ಕಾಯಿಲೆ ಬಿದ್ದ ದಿನದ್ದೋ ಎಂದು ಹಣ ಕಟ್ಟುವ ಮೊದಲೇ ಕಂಪನಿಗೆ ಈಮೇಲ್ ಮಾಡಿ ಕೇಳಿ. ಫೋನಿನಲ್ಲಿ ಬೇಡ, ಉತ್ತರ ಬರವಣಿಗೆಯಲ್ಲೇ ಇರಲಿ.