ಹದಿನೆಂಟು ತುಂಬಿದ ಮರುದಿನ

ಮೈಸೂರಿನ ಸರಸ್ವತಿಪುರಂನ ಹಿರಿಯ ಓದುಗರೊಬ್ಬರು, ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಹೀಗೆ ಬರೆದಿದ್ದಾರೆ: "ಬಸ್ ನಿಲ್ದಾಣದಲ್ಲಿ ಮಲಗುವ ಹುಡುಗರಿಗಾಗಿ ಅಧಿಕಾರಿಗಳಿಗೆ ಮನವಿ ಕೊಡಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮನವಿಯಿಂದ ಯಾರ ಹೊಟ್ಟೆ ತುಂಬೀತು? ಮೊಮ್ಮಗಳ ಹುಟ್ಟುಹಬ್ಬಕ್ಕೆ ನಾನು ಪ್ರತಿವರ್ಷ ಅನಾಥಾಶ್ರಮವೊಂದರಲ್ಲಿ ಊಟ ಹಾಕಿಸುತ್ತೇನೆ. ಎಲ್ಲರೂ ಹಾಗೆ ಮಾಡಿದರೆ ಸಾಲದೆ?"

ಮಾನ್ಯರೇ, ಹಸಿದವನಿಗೆ ಮೊದಲು ಅನ್ನ ಎಂಬುದನ್ನು ಒಪ್ಪುತ್ತೇನೆ. ತಮ್ಮ ಊಟಕ್ಕೆ ನನ್ನ ನಮಸ್ಕಾರ. ಆದರೆ ಸಾಲದು.

ನಮ್ಮ ಮುದ್ರಣಾಲಯಕ್ಕೆ ಪತ್ರಿಕೆಯ ಕಟ್ಟು ಹೊರಲು ಬರುತ್ತಿದ್ದ ಹುಡುಗನೊಬ್ಬ ಅಂಥದೇ ಆಶ್ರಮದಲ್ಲಿ ಬೆಳೆದವನು. ಹದಿನೆಂಟು ತುಂಬಿದ ಮೇಲೆ ಹೊರಬಂದು ಅಂಗಡಿ ಜಗಲಿಗಳ ಮೇಲೆ ಮಲಗುತ್ತಿದ್ದ. ತಲೆದಿಂಬಿನಂತೆ ಇಟ್ಟುಕೊಳ್ಳುತ್ತಿದ್ದ ಪ್ಲಾಸ್ಟಿಕ್ ಚೀಲವನ್ನು ಒಂದು ದಿನ ಬಿಚ್ಚಿ ತೋರಿಸಿದ. ಒಂದು ಅಂಗಿ, ಒಂದು ಪಂಚೆ, ನಾಲ್ಕು ಮಡಿಕೆಯಾದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಮಡಿಕೆ ಬಿದ್ದಲ್ಲಿ ಗಣಿತದ ಅಂಕ ಅಳಿಸಿಹೋಗಿತ್ತು. "ಎಪ್ಪತ್ತೆರಡು ಸಾರ್" ಎಂದು ನಾನು ಕೇಳುವ ಮೊದಲೇ ಹೇಳಿದ. ಅವನೂ ಎಷ್ಟೋ ಹುಟ್ಟುಹಬ್ಬಗಳ ಪಾಯಸ ಉಂಡು ಬೆಳೆದವನೇ.

ಇಂಥವರಿಗಾಗಿಯೇ 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಇದೆ. ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ಕೊಡಲು ಅದು ಅವಕಾಶ ಮಾಡಿದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಇಪ್ಪತ್ತೊಂದರವರೆಗೆ, ಅಗತ್ಯವಿದ್ದರೆ ಇಪ್ಪತ್ತಮೂರರವರೆಗೂ ಅದನ್ನು ಮುಂದುವರಿಸಬಹುದು. ಆ ಹುಡುಗನಿಗೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ. ಅವನನ್ನು ಕರೆದುಕೊಂಡು ಕಚೇರಿಯೊಂದಕ್ಕೆ ಹೋದಾಗ ಮೊದಲು ಕೇಳಿದ್ದೇ ವಾಸಸ್ಥಳದ ದೃಢೀಕರಣ. ಮನೆಯಿಲ್ಲ ಎಂದು ಬಂದವನು ಮನೆಯ ವಿಳಾಸವನ್ನು ಎಲ್ಲಿಂದ ತರಬೇಕು? ನಾಲ್ಕನೆಯ ಸಲ ಹೋದಾಗ ಅರ್ಜಿ ತೆಗೆದುಕೊಂಡರು. ಒಬ್ಬನೇ ಹೋಗಿದ್ದರೆ ಮೊದಲ ದಿನವೇ ಹಿಂದಿರುಗಿ ಮತ್ತೆಂದೂ ಆ ಕಡೆ ತಲೆಹಾಕುತ್ತಿರಲಿಲ್ಲ. ನಾನು ಮನವಿ ಎಂದದ್ದು ಈ ಜೊತೆಗಿರುವಿಕೆಯನ್ನು.

ಹುಡುಗರು ಬೀದಿಗೆ ಬರುವ ಮೊದಲೇ ತಡೆಯುವ ದಾರಿಯೂ ಇದೆ. ತಂದೆಯಿಲ್ಲದ, ತಾಯಿಯೊಬ್ಬಳೇ ಸಾಕುತ್ತಿರುವ ಮಗು ಮನೆಯಲ್ಲೇ ಇದ್ದು ಓದಲೆಂದು ಅದೇ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಮಂಡ್ಯದ ಕಡೆ ಗಂಡನನ್ನು ಕಳೆದುಕೊಂಡು ಕೂಲಿಗೆ ಹೋಗುವ ತಾಯಂದಿರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನಾನು ಮಾತನಾಡಿಸಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬಾಕೆ ಮಗನನ್ನು ಶಾಲೆ ಬಿಡಿಸಿ ಆಲೆಮನೆಗೆ ಕಳುಹಿಸಿಯಾಗಿತ್ತು.

ಮೈಸೂರಿಗೆ ಈ ಕೆಲಸ ಹೊಸದಲ್ಲ. ಬಡ ಹುಡುಗರಿಗೆ ವಾರಾನ್ನ ಹಾಕಿದ ಊರು ಇದು; ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದವರು ದೊಡ್ಡ ಹುದ್ದೆಗಳಿಗೇರಿದರು. ತಾತಯ್ಯನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪತ್ರಿಕೆಗಳನ್ನೂ ನಡೆಸಿದರು, ಅನಾಥಾಲಯವನ್ನೂ ಕಟ್ಟಿದರು. ಆ ಹಿರಿಯರ ದಾನ ಒಂದು ದಿನದ್ದಾಗಿರಲಿಲ್ಲ, ಹುಡುಗ ತನ್ನ ಕಾಲ ಮೇಲೆ ನಿಲ್ಲುವವರೆಗೂ ನಡೆಯುತ್ತಿತ್ತು.

ಈಗಲೋ, ಬಾಡಿಗೆ ಕೇಳಲು ಹೋದ ಹುಡುಗನನ್ನು ನಾವು ಬಾಗಿಲಲ್ಲೇ ನಿಲ್ಲಿಸಿ ಅಪ್ಪ ಯಾರು, ಯಾವ ಜನ ಎಂದು ವಿಚಾರಿಸುತ್ತೇವೆ. ಉತ್ತರ ಸಿಗದಿದ್ದರೆ ಮನೆ ಖಾಲಿಯಿಲ್ಲ ಎನ್ನುತ್ತೇವೆ. ಊಟ ಬಡಿಸುವಾಗ ಅದೇ ಮಕ್ಕಳ ಫೋಟೋ ತೆಗೆದು ಹಂಚುತ್ತೇವೆ. ನಗರಗಳಲ್ಲಿ ಜನಸಂಖ್ಯೆಯ ಪ್ರತಿ ಲಕ್ಷಕ್ಕೊಂದು ನಿರಾಶ್ರಿತರ ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದರೂ, ನಮ್ಮ ವಾರ್ಡಿನ ಸಭೆಗಳಲ್ಲಿ ಚರಂಡಿ, ಬೀದಿದೀಪ ಬಿಟ್ಟು ಈ ಮಾತು ಎತ್ತಿದವರನ್ನು ನಾನು ಕಂಡಿಲ್ಲ. ದಸರೆಯ ದೀಪಗಳ ಕೆಳಗೆ ಮಲಗಿದ ಮಕ್ಕಳನ್ನು ದಾಟಿಕೊಂಡು ನಾವೆಲ್ಲ ಮೆರವಣಿಗೆ ನೋಡಿ ಬಂದಿದ್ದೇವೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ತಮ್ಮ ಮೇಲೆ ನನಗೆ ಸ್ವಲ್ಪ ಕೋಪವಿದೆ, ಅದಕ್ಕಿಂತ ಹೆಚ್ಚಾಗಿ ಆಸೆಯಿದೆ. ಆದಾಯ ಪ್ರಮಾಣಪತ್ರದ ಅರ್ಜಿ ಯಾವ ಮೇಜಿನಲ್ಲಿ ನಿಲ್ಲುತ್ತದೆ, ಯಾವ ಷರಾ ಬಿದ್ದರೆ ಮುಂದೆ ಸಾಗುತ್ತದೆ ಎಂಬುದು ತಮಗೆ ಗೊತ್ತಿರುವಷ್ಟು ಈ ಪತ್ರಿಕೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೊಮ್ಮಗಳ ಹುಟ್ಟುಹಬ್ಬದ ಊಟ ನಡೆಯಲಿ. ಅಂದು ಎಲೆ ಎತ್ತಿದ ಮೇಲೆ, ಈ ವರ್ಷ ಹದಿನೆಂಟು ತುಂಬುವವರು ಯಾರು ಯಾರು ಎಂದು ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ ಹೆಸರು ಬರೆದುಕೊಂಡು ಬನ್ನಿ. ಅರ್ಜಿ ನಮೂನೆಗಳನ್ನು ನಾನು ತರಿಸಿಟ್ಟಿರುತ್ತೇನೆ.