ಸಾಲ ವಸೂಲಿಯವರು ಎಂದು ಕರೆ ಮಾಡುವವರು ಅಸಲಿಯೋ ನಕಲಿಯೋ ತಿಳಿಯಲು ಫೋನಿನಲ್ಲಿ ಏನೇನು ಕೇಳಬೇಕು?

ಏನನ್ನೂ ಕೇಳಬೇಡಿ. ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಬರೆದರೆ ನೀವು ನಂಬುವುದಿಲ್ಲ, ನಿಮ್ಮ ಜಾಗದಲ್ಲಿದ್ದಾಗ ನಾನೂ ನಂಬುತ್ತಿರಲಿಲ್ಲ. ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ "ಕರೆ ಮಾಡಿದವರಿಗೆ ನನ್ನ ಮನೆಯವರ ಹೆಸರು, ಬ್ಯಾಂಕು, ಸಾಲದ ಮೊತ್ತ ಎಲ್ಲವೂ ಗೊತ್ತಿದೆ, ಆದ್ದರಿಂದ ಪೂರ್ತಿ ಸುಳ್ಳಿರಲಾರದು" ಎಂದು ಬರೆದಿದ್ದೀರಲ್ಲ, ಈ ಮಾತನ್ನು ನಾನು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಉಡುಪಿಯ ಸೆನ್ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತು ಹೇಳಿದ್ದೇನೆ. ಹೆಚ್ಚುಕಡಿಮೆ ಇದೇ ಪದಗಳಲ್ಲಿ.

ನಾನು ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವನು. 2023ರ ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವೆಂಬುದು ನಿಮಗೂ ಗೊತ್ತಿರುತ್ತದೆ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಐಸು ಕೇಳುವವರಿಲ್ಲ, ಕೈಯಲ್ಲಿ ಕಾಸೂ ಇಲ್ಲ, ಕೆಲಸವೂ ಇಲ್ಲ. ಕೆಲಸವಿಲ್ಲದವನು ಬಂದ ಕರೆಯನ್ನು ಬೇಗ ಕತ್ತರಿಸುವುದಿಲ್ಲ.

ತಂದೆ ತೀರಿಕೊಂಡು ಒಂದು ವರ್ಷವಾಗಿತ್ತು. ಅವರಿಗೆ ಒಂದು ಟ್ರಾಲ್ ಬೋಟಿನಲ್ಲಿ ಪಾಲಿತ್ತು, ಅದರ ಇಂಜಿನಿಗಾಗಿ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದರು. ಆ ಬ್ಯಾಂಕು ಆಮೇಲೆ ಇನ್ನೊಂದರಲ್ಲಿ ವಿಲೀನವಾಯಿತು. ನಮ್ಮ ಕರಾವಳಿಯವರಿಗೆ ಈ ಗೊಂದಲ ಮಾಮೂಲಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಮೂರೂ ಮಂಗಳೂರು, ಉಡುಪಿಯಲ್ಲಿ ಹುಟ್ಟಿದವು. ಇಲ್ಲಿ ಮನೆಮನೆಯ ಕಪಾಟಿನಲ್ಲಿ ಈಗಿಲ್ಲದ ಬ್ಯಾಂಕಿನ ಪಾಸ್‌ಬುಕ್ ಒಂದಾದರೂ ಇರುತ್ತದೆ. "ವಿಲೀನದ ಸಮಯದಲ್ಲಿ ನಿಮ್ಮ ಹಳೆಯ ಬಾಕಿ ನಮ್ಮ ವಸೂಲಿ ಕಂಪನಿಗೆ ಬಂದಿದೆ" ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ? ನನಗಿರಲಿಲ್ಲ.

ಕರೆ ಮಾಡಿದವನದು ಘಟ್ಟದ ಮೇಲಿನ ಕನ್ನಡ. ನಯವಾಗಿ ಮಾತನಾಡಿದ. ಮೋಸದ ಕರೆಯೆಂದರೆ ಹಿಂದಿಯಲ್ಲೇ ಬರುತ್ತದೆ ಎಂದುಕೊಂಡಿದ್ದವನಿಗೆ ಕನ್ನಡ ಕೇಳಿಯೇ ಅರ್ಧ ನಂಬಿಕೆ ಬಂದಿತ್ತು. 1,62,000 ರೂಪಾಯಿ ಬಾಕಿ ಇದೆ, ವಿಷಯ ಲೋಕ ಅದಾಲತ್‌ಗೆ ಹೋಗಿದೆ, ಇವತ್ತೇ ಒಪ್ಪಿಕೊಂಡರೆ 48,000ಕ್ಕೆ ಮುಗಿಸಿಕೊಡುತ್ತೇನೆ ಎಂದ. ನಾನೂ ಬುದ್ಧಿವಂತನೇ ಎಂದುಕೊಂಡು ಗುರುತಿನ ಚೀಟಿ ಕೇಳಿದೆ. ಭಾವಚಿತ್ರ, ಮೊಹರು, ಸಹಿ ಎಲ್ಲ ಇರುವ ಚೀಟಿ ಕಾಫಿ ಕುಡಿದು ಮುಗಿಸುವುದರೊಳಗೆ ವಾಟ್ಸ್ಆ್ಯಪ್‌ನಲ್ಲಿ ಬಂತು. ಬ್ಯಾಂಕಿನ ಪತ್ರ ಕೇಳಿದೆ, ಅದೂ ಬಂತು, ತಂದೆಯ ಹೆಸರಿನ ಸಮೇತ. ನೀವು ಹುಡುಕುತ್ತಿರುವ ಆ "ಸರಿಯಾದ ಪ್ರಶ್ನೆ"ಗಳನ್ನೆಲ್ಲ ನಾನು ಕೇಳಿದ್ದೇನೆ ಮಾರಾಯರೇ. ಪ್ರತಿಯೊಂದಕ್ಕೂ ಉತ್ತರ ಸಿಕ್ಕಿತು. ಕಳ್ಳನಲ್ಲಿ ಕಾಗದ ಕೇಳಿದರೆ ಅವನು ಕಾಗದ ತಯಾರಿಸಿ ಕೊಡುತ್ತಾನೆ, ಅಷ್ಟೇ.

ಮೊದಲು 8,500 ರೂಪಾಯಿ ಕಳುಹಿಸಿದೆ, ಫೈಲು ಮುಚ್ಚುವ ಶುಲ್ಕವೆಂದು. ಮರುದಿನ ಉಳಿದ 39,500. ಎರಡೂ ಒಬ್ಬ ವ್ಯಕ್ತಿಯ ಹೆಸರಿನ ಯುಪಿಐ ಐಡಿಗೆ. ಬ್ಯಾಂಕಿನ ಹೆಸರು ಯಾಕೆ ಕಾಣಿಸುತ್ತಿಲ್ಲವೆಂದು ಕೇಳಿದ್ದಕ್ಕೆ "ಅದು ನಮ್ಮ ಕಲೆಕ್ಷನ್ ಅಧಿಕಾರಿಯ ಖಾತೆ ಸರ್" ಎಂದ. ಊರವರ ಲೆಕ್ಕವನ್ನೆಲ್ಲ ಪೈಸೆ ಬಿಡದೆ ಬರೆಯುವ ನಾನು ಇದನ್ನು ಒಪ್ಪಿಕೊಂಡೆ.

ಇದಾದ ಮೇಲೆ ಜಿಎಸ್‌ಟಿ ಎಂದು ಇನ್ನೊಂದು ಮೊತ್ತ ಕೇಳಿದಾಗ ಕೊನೆಗೂ ಅಮ್ಮನಿಗೆ ಹೇಳಿದೆ. ಅವರು ಕೇಳಿದ ಮೊದಲ ಮಾತು, "ಯಾವ ಸಾಲ? ಅದನ್ನು ತೀರಿಸಿದ ದಿನ ನಿನ್ನ ಅಪ್ಪ ಉಚ್ಚಿಲಕ್ಕೆ ಹೋಗಿ ಮಹಾಲಕ್ಷ್ಮಿಗೆ ಪೂಜೆ ಕೊಟ್ಟು ಬಂದಿದ್ದರಲ್ಲ?" ಕಬ್ಬಿಣದ ಪೆಟ್ಟಿಗೆಯಲ್ಲಿ ಸಾಲ ತೀರುವಳಿ ಪತ್ರ ಇತ್ತು. ಶಾಖೆಗೆ ಹೋದರೆ ಅಲ್ಲಿನ ಕಂಪ್ಯೂಟರ್ ಕೂಡ ಅದನ್ನೇ ಹೇಳಿತು: ಖಾತೆ 2018ರಲ್ಲೇ ಮುಚ್ಚಿದೆ. ಅಮ್ಮನಿಗೆ ಯಾಕೆ ಬೇಸರ ಮಾಡಬೇಕೆಂದು ಮುಚ್ಚಿಟ್ಟಿದ್ದೆ. ಮುಚ್ಚಿಡುವ ಆ ಗುಣವೂ ಅವನಿಗೆ ಲಾಭವಾಯಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ದುಡ್ಡು ಕಳುಹಿಸಿದ್ದು ನನ್ನ ದೊಡ್ಡ ತಪ್ಪಲ್ಲ, ಅದು ತಪ್ಪಿಗೆ ತೆತ್ತ ಬೆಲೆ. ತಪ್ಪು ಮೊದಲ ಕರೆಯಲ್ಲೇ ನಡೆದಿತ್ತು.

ಠಾಣೆಯಲ್ಲಿ "ಅವನಿಗೆ ನಮ್ಮ ಮನೆಯ ವಿವರವೆಲ್ಲ ಗೊತ್ತಿತ್ತು, ಬ್ಯಾಂಕಿನ ಒಳಗಿನವರದೇ ಕೆಲಸವಿರಬೇಕು" ಎಂದು ನಾನು ವಾದಿಸುತ್ತಿದ್ದೆ. ನನ್ನ ಹಳೆಯ ಫೋನಿನಲ್ಲಿ ಕರೆಗಳು ತಾವಾಗಿ ಧ್ವನಿಮುದ್ರಣವಾಗುತ್ತಿದ್ದವು. ಅಲ್ಲಿದ್ದ ಸಿಬ್ಬಂದಿ ಮೊದಲ ಕರೆಯನ್ನು ಹಾಕಲು ಹೇಳಿದರು. ಅದರಲ್ಲಿದ್ದದ್ದು ಹೀಗೆ:

"ಸರ್, ಒಂದು ಹಳೆಯ ಸಾಲ ಬಾಕಿ ಇದೆ."

"ನನ್ನ ಹೆಸರಿನಲ್ಲಿ ಯಾವುದೂ ಇಲ್ಲವಲ್ಲ. ತಂದೆಯವರದೇ?"

"ಹೌದು ಸರ್, ತಂದೆಯವರದು. ನೀವು ವಾರಸುದಾರರು."

"ಬೋಟಿನ ಇಂಜಿನಿನ ಸಾಲವೇ? ಅದು ತೀರಿಲ್ಲವೇ?"

"ಇಂಜಿನಿನದೇ ಸರ್. ಪೂರ್ತಿ ತೀರಿಲ್ಲ."

"ಮಲ್ಪೆ ಶಾಖೆಯದು?"

"ಮಲ್ಪೆ ಶಾಖೆಯದೇ. ಮೂಲ ಸಾಲ ಎಷ್ಟೆಂದು ನೆನಪಿದೆಯೇ ಸರ್? ನಮ್ಮ ದಾಖಲೆಯೊಂದಿಗೆ ತಾಳೆ ನೋಡಬೇಕು."

"ಮೂರು ಲಕ್ಷ ಇರಬೇಕು."

"ಸರಿಯಾಗಿದೆ ಸರ್."

ಆ "ಸರಿಯಾಗಿದೆ" ಕೇಳಿ ನನಗೆ ಖುಷಿಯಾಗಿತ್ತೆಂಬುದೂ ಧ್ವನಿಯಲ್ಲಿ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಧ್ವನಿ. ಕರೆ ಮಾಡಿದವನ ಬಳಿ ಇದ್ದದ್ದು ನನ್ನ ಹೆಸರು ಮತ್ತು ಮೊಬೈಲ್ ಸಂಖ್ಯೆ ಮಾತ್ರ. ಅಷ್ಟನ್ನು ನಾವು ಬಟ್ಟೆ ಅಂಗಡಿಯ ಲಕ್ಕಿ ಡ್ರಾ ಚೀಟಿಯಲ್ಲೂ ಬರೆದು ಡಬ್ಬಿಗೆ ಹಾಕಿರುತ್ತೇವೆ. ತಂದೆ, ಬೋಟು, ಇಂಜಿನ್, ಶಾಖೆ, ಮೊತ್ತ, ಎಲ್ಲವನ್ನೂ ನಾನೇ ಕೊಟ್ಟೆ. ತಂದೆಯ ಹೆಸರನ್ನು ಸಹ ಅವನು "ದಾಖಲೆಯಲ್ಲಿ ಕಾಗುಣಿತ ಸರಿಯಿಲ್ಲ, ಒಮ್ಮೆ ಹೇಳಿ ಸರ್" ಎಂದು ನನ್ನ ಬಾಯಿಂದಲೇ ಹೊರಡಿಸಿದ್ದ. ಮಾತಿನ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಳಗಿದ ಅರ್ಥಧಾರಿ ಎದುರಾಳಿಯ ಕೊನೆಯ ಮಾತನ್ನೇ ಹಿಡಿದು ತನ್ನ ವಾದ ಕಟ್ಟುತ್ತಾನಲ್ಲ, ಹಾಗೆ. ಆದರೆ ನನ್ನ ನೆನಪಿನಲ್ಲಿ ಉಳಿದದ್ದು ಮಾತ್ರ ತಿರುವುಮುರುವು: "ಅವನೇ ಎಲ್ಲ ಹೇಳಿದ." ಧ್ವನಿಮುದ್ರಣ ಇಲ್ಲದಿದ್ದರೆ ನಾನು ಸಾಯುವವರೆಗೂ ಬ್ಯಾಂಕಿನವರನ್ನು ಬೈಯುತ್ತಾ ಇರುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಕರೆಯ ಕೊನೆಯಲ್ಲಿ ಅವನು ಕೇಳದೆಯೇ ನಾನು ಇನ್ನೊಂದು ಮಾತು ಆಡಿದ್ದೇನೆ. "ಆಟಿ ತಿಂಗಳು ಕಳೆದ ಕೂಡಲೇ ತಂಗಿಯ ನಿಶ್ಚಿತಾರ್ಥ ಇದೆ, ಕುಂದಾಪುರದ ಕಡೆಯವರು, ಸ್ವಲ್ಪ ಸಮಯ ಕೊಡಿ." ಕರುಣೆ ಬರಲಿ ಎಂದು ಹೇಳಿದ್ದು. ಅವನ ಕೈಗೆ ಕತ್ತಿ ಸಿಕ್ಕಿತು. ಮರುದಿನ ಬಂದ ಸಂದೇಶದಲ್ಲಿ ಸಾಲದ ಮಾತು ಎರಡು ಸಾಲು, ಉಳಿದದ್ದೆಲ್ಲ ತಂಗಿಯದು: ನೋಟಿಸಿನ ಪ್ರತಿ ಕುಂದಾಪುರದ ಸಂಬಂಧಿಕರಿಗೂ ಹೋಗುತ್ತದೆ, ಮನೆಗೆ ಪೊಲೀಸರು ಬರುತ್ತಾರೆ. 39,500 ರೂಪಾಯಿ ನಾನು ಕೊಟ್ಟದ್ದು ಸಾಲಕ್ಕಲ್ಲ, ಆ ಸಾಲುಗಳಿಗೆ. ಸಾಲ ನಿಜವೋ ಸುಳ್ಳೋ ಎಂಬ ಯೋಚನೆಯೇ ಆ ಹೊತ್ತಿಗೆ ತಲೆಯಲ್ಲಿರಲಿಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ: ನಿಮ್ಮ ಕರೆಯನ್ನೂ ಒಮ್ಮೆ ಮನಸ್ಸಿನಲ್ಲಿ ಮೊದಲಿನಿಂದ ಹಾಕಿ ನೋಡಿ. ಯಾವ ವಿವರ ಯಾರ ಬಾಯಿಂದ ಮೊದಲು ಬಂತು? ಒಂದು ವೇಳೆ ಅವರ ಬಳಿ ನಿಮ್ಮ ಆಧಾರ್, ಪ್ಯಾನ್ ಪ್ರತಿಯೇ ಇದ್ದರೂ ಅದರಿಂದ ಏನೂ ಸಾಬೀತಾಗುವುದಿಲ್ಲ. ಸಿಮ್ ಕೊಳ್ಳುವಲ್ಲಿ, ಬಾಡಿಗೆ ಮನೆಗೆ, ಲಾಡ್ಜಿಗೆ ನಾವೇ ಹಂಚಿದ ಪ್ರತಿಗಳು ಎಲ್ಲೆಲ್ಲಿ ತಿರುಗುತ್ತಿವೆಯೋ. ವಿವರ ಗೊತ್ತಿರುವುದು ಬೇರೆ, ಸಾಲ ಇರುವುದು ಬೇರೆ.

ಸಾಲ ಇದೆಯೋ ಇಲ್ಲವೋ ಎಂಬುದನ್ನು ಕರೆ ಮಾಡಿದವನಿಂದ ತಿಳಿಯುವ ಅಗತ್ಯವೇ ಇಲ್ಲ. ಶಾಖೆಗೆ ಹೋಗಿ. ಕರೆ ಮಾಡಿದವರು ಕೊಟ್ಟ ಸಂಖ್ಯೆಗೆ ಕರೆ ಮಾಡಬೇಡಿ, ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ ಸಂಖ್ಯೆಗೂ ಬೇಡ. ನಿಮ್ಮ ಹೆಸರಿನ ಸಾಲವಾದರೆ ಕ್ರೆಡಿಟ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ, ತೆಗೆಯಿರಿ. ಸಿಬಿಲ್ ಸೇರಿದಂತೆ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2017ರಿಂದಲೇ ಇದೆ. ಸೊಸೈಟಿಯ ಸಾಲ ಅದರಲ್ಲಿ ಕಾಣದೆ ಇರಬಹುದು, ಅದಕ್ಕೆ ಸೊಸೈಟಿಯ ಬಾಗಿಲಿಗೇ ಹೋಗಬೇಕು. ತೀರಿಕೊಂಡವರ ಸಾಲವಾದರೆ ಇನ್ನೊಂದು ಮಾತು ನೆನಪಿಡಿ. ನೀವು ಜಾಮೀನು ನಿಂತಿರದಿದ್ದರೆ, ಜಂಟಿ ಸಾಲಗಾರರಲ್ಲದಿದ್ದರೆ, ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ನೀವು ಹೊಣೆ. ನಿಮ್ಮ ಸಂಬಳದಿಂದ ಕಟ್ಟಬೇಕಾಗಿಲ್ಲ. "ಸತ್ತವರ ಋಣ ಉಳಿಸಬಾರದು" ಎಂಬ ನಮ್ಮ ಭಯ ಈ ಕಳ್ಳರಿಗೆ ಚೆನ್ನಾಗಿ ಗೊತ್ತು.

ಲೋಕ ಅದಾಲತ್ ಹೆಸರಿಗೆ ಹೆದರಬೇಡಿ. ಅದನ್ನು ನಡೆಸುವುದು ಕಾನೂನು ಸೇವಾ ಪ್ರಾಧಿಕಾರ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಅಲ್ಲಿ ರಾಜಿ, ಒಪ್ಪದವನನ್ನು ಯಾರೂ ಬಂಧಿಸುವುದಿಲ್ಲ. ಅನುಮಾನವಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ನೋಟಿಸು ತೋರಿಸಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ. ಚೆಕ್ ಬೌನ್ಸ್ ಆಗಿದ್ದರೆ ಅದು ಬೇರೆ, ಆದರೆ ಆಗಲೂ ನ್ಯಾಯಾಲಯದಿಂದ ಸಮನ್ಸ್ ಬರುತ್ತದೆ, ವಾಟ್ಸ್ಆ್ಯಪ್‌ನಲ್ಲಿ ರಿಯಾಯಿತಿ ಬರುವುದಿಲ್ಲ.

ನಿಜವಾಗಿಯೂ ಸಾಲ ಇದ್ದು ಕಂತು ತಪ್ಪಿದ್ದರೆ? ಆಗಲೂ ಫೋನಿನಲ್ಲಿ ವ್ಯವಹಾರ ಬೇಡ ಎಂಬುದೇ ನನ್ನ ಹಟ. ವಸೂಲಿ ಏಜೆಂಟರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಸಂಬಂಧಿಕರಿಗೆ ಕರೆ ಮಾಡಿ ಮಾನ ಕಳೆಯುವಂತಿಲ್ಲ. ಆ್ಯಪ್ ಮೂಲಕ ಪಡೆದ ಸಾಲದ ಮರುಪಾವತಿ ನೇರವಾಗಿ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಹೋಗಬೇಕು, ನಡುವೆ ಮೂರನೆಯವರ ಖಾತೆ ಬರುವಂತಿಲ್ಲ ಎಂಬುದೂ ಅದೇ ವರ್ಷದ ಸೆಪ್ಟೆಂಬರ್‌ನ ನಿಯಮ. ಅಸಲಿ ಏಜೆಂಟನಿಗೆ ನೀವು ಶಾಖೆಗೆ ಹೋದರೆ ನಷ್ಟವಿಲ್ಲ, ನಕಲಿಗೆ ಅದೊಂದೇ ಭಯ. ಹಾಗೆಂದು "ನಾಳೆ ಶಾಖೆಗೆ ಹೋಗುತ್ತೇನೆ" ಎಂದು ಅವನಿಗೆ ಹೇಳಿ ಪರೀಕ್ಷಿಸಲು ಹೊರಡಬೇಡಿ. ಅವನು ಅದಕ್ಕೂ ಒಂದು ಮಾತು ಇಟ್ಟುಕೊಂಡಿರುತ್ತಾನೆ. ಸುಮ್ಮನೆ ಹೋಗಿ.

ಕೆಲವರು ಇಂಥ ಕಳ್ಳರನ್ನು ಫೋನಿನಲ್ಲಿ ಆಟವಾಡಿಸುವ ವಿಡಿಯೋ ನೋಡಿ ತಾವೂ ಹಾಗೆ ಮಾಡುತ್ತಾರೆ. ಅದು ಶುದ್ಧ ಮೂರ್ಖತನ. ಅವನಿಗೆ ಅದು ದಿನದ ಕೆಲಸ, ನಿಮಗೆ ಮೊದಲ ಅನುಭವ.

ದುಡ್ಡು ಈಗಾಗಲೇ ಕಳುಹಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕಳುಹಿಸಿದ್ದರೆ ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ಅವರು ತಡೆಹಿಡಿಯಬಲ್ಲರು, ಹಾಗಾಗಿ ಇಲ್ಲಿ ಗಂಟೆಗಳ ಲೆಕ್ಕ. ನಾನು ನಾಚಿಕೆಯಿಂದ ದಿನಗಟ್ಟಲೆ ಸುಮ್ಮನಿದ್ದೆ. ನಾನು ದೂರು ಕೊಡುವ ಹೊತ್ತಿಗೆ ಆ ಖಾತೆಯಲ್ಲಿ ಚಿಲ್ಲರೆ ಉಳಿದಿತ್ತು. ಕಳುಹಿಸಿಲ್ಲದಿದ್ದರೆ ಆ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ಚಕ್ಷು ವಿಭಾಗದಲ್ಲಿ ವರದಿ ಮಾಡಿ. ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ. ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೆಯ ಸೆಕ್ಷನ್‌ನಡಿ ಅಪರಾಧ, ಅವೇ ನಿಮ್ಮ ಸಾಕ್ಷ್ಯ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೆನ್ ಠಾಣೆಗಳಿವೆ.

ಮನೆಯವರಿಗೆ ಇವತ್ತು ರಾತ್ರಿಯೇ ಹೇಳಿ, ಸಂಬಂಧಿಕರ ಮಾನದ ಮಾತು ಎತ್ತಿದ್ದರಂತೂ ಅವರಿಗೂ ನೀವೇ ಮೊದಲು ಹೇಳಿ. ನಾನು ಕೊನೆಗೆ ಕುಂದಾಪುರದವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಾಗ ಭಾವನಾಗುವವರ ತಂದೆ ನಕ್ಕು, ತಮಗೂ ಹಿಂದೆ ಅಂಥದೇ ಕರೆ ಬಂದಿತ್ತೆಂದರು. ಅದೇ ಮಾತನ್ನು ಮುಂಚೆ ಆಡಿದ್ದರೆ 39,500 ಉಳಿಯುತ್ತಿತ್ತು.

ಸಿಮ್ ಬದಲಿಸಬೇಕೇ ಎಂದೂ ಕೇಳಿದ್ದೀರಿ. ಬೇಡ. ಬ್ಯಾಂಕು, ಆಧಾರ್ ಎಲ್ಲಕ್ಕೂ ಅದೇ ಸಂಖ್ಯೆ ಜೋಡಿಸಿರುತ್ತೀರಿ, ಬಿಟ್ಟ ಸಂಖ್ಯೆ ಸ್ವಲ್ಪ ಕಾಲದ ನಂತರ ಇನ್ನೊಬ್ಬರ ಕೈಗೆ ಹೋಗುತ್ತದೆ, ಆಗ ಹೊಸ ತಲೆನೋವು. ಅಪರಿಚಿತ ಸಂಖ್ಯೆಗಳನ್ನು ಕೆಲವು ವಾರ ಎತ್ತಬೇಡಿ. ನನಗೆ ಬೋಟುಗಳು ಮತ್ತೆ ಕಡಲಿಗೆ ಇಳಿದು ಕೆಲಸ ಏರಿದ ಮೇಲೆ ಫೋನ್ ಎತ್ತಲು ಪುರುಸೊತ್ತೇ ಇರಲಿಲ್ಲ, ಕರೆಗಳೂ ತಾವಾಗಿಯೇ ನಿಂತವು.