ಪಾಪುವಿನ ಕೆನ್ನೆಯ ಕೆಂಪು ಹೋಗ್ತಾನೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನ್ನ ಮಗಳಿಗೆ ಐದು ತಿಂಗಳು. ಎರಡು ತಿಂಗಳು ತುಂಬುವ ಹೊತ್ತಿಗೆ ಎರಡೂ ಕೆನ್ನೆ ಕೆಂಪಾಗಿ ಒರಟಾದವು. ಬೆವರುಗುಳ್ಳೆ ಇರಬೇಕು ಅಂದುಕೊಂಡೆವು. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು, ಹಚ್ಚಿದ ನಾಲ್ಕೇ ದಿನಕ್ಕೆ ಕೆನ್ನೆ ನುಣ್ಣಗಾಯಿತು. ಬಿಟ್ಟ ವಾರದೊಳಗೆ ಮತ್ತೆ ಬಂತು, ಮೊದಲಿಗಿಂತ ಜಾಸ್ತಿ. ಹೀಗೆ ಮೂರು ಟ್ಯೂಬ್ ಮುಗಿದಿವೆ. ಈಗ ಬಾಯಿಯ ಸುತ್ತ ಸಣ್ಣ ಗುಳ್ಳೆಗಳೂ ಎದ್ದಿವೆ. ಎತ್ತಿಕೊಂಡರೆ ನನ್ನ ಹೆಗಲಿಗೆ ಮುಖ ಉಜ್ಜುತ್ತಾಳೆ, ರಾತ್ರಿ ಮೂರು ನಾಲ್ಕು ಸಲ ಎದ್ದು ಅಳುತ್ತಾಳೆ. ಮೂಗು ಮತ್ತು ಡೈಪರ್ ಹಾಕುವ ಜಾಗ ಮಾತ್ರ ಚೆನ್ನಾಗಿದೆ. ದಿನಾ ಬಿಸಿ ಬಿಸಿ ನೀರು ಎರೆದು, ಕಡಲೆಹಿಟ್ಟು ಅರಿಶಿನ ಹಚ್ಚಿ ಉಜ್ಜುತ್ತೇವೆ. ನನ್ನ ಊಟದಿಂದಲೇ ಮಗುವಿಗೆ ನಂಜಾಗಿದೆ ಅಂತ ಅತ್ತೆ ಹೇಳುತ್ತಾರೆ. ಹಾಲು, ಮೊಸರು, ಬೇಳೆ, ಬದನೆಕಾಯಿ, ಶೇಂಗಾ ಎಲ್ಲ ಬಿಟ್ಟು ಎರಡು ತಿಂಗಳಿಂದ ಅನ್ನ, ಮೆಣಸಿನ ಸಾರು ಅಷ್ಟೇ ತಿನ್ನುತ್ತಿದ್ದೇನೆ. ಯಜಮಾನರಿಗೆ ಧೂಳಿನ ಅಲರ್ಜಿ ಇದೆ, ಚಿಕ್ಕವರಿದ್ದಾಗ ಉಬ್ಬಸ ಇತ್ತಂತೆ. ನನ್ನ ಹಾಲು ನಿಲ್ಲಿಸಿ ಡಬ್ಬಿ ಹಾಲು ಕೊಡಬೇಕಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೋಡಿ ತಾಯಿ, ಮೊದಲು ನೀವು ಹೊಟ್ಟೆ ತುಂಬ ಊಟ ಮಾಡಿ. ಇವತ್ತೇ. ಬೇಳೆ ಸಾರು, ಮೊಸರು, ಪಲ್ಯ, ಎಲ್ಲ ತಿನ್ನಿ. ಎದೆಹಾಲು ನಿಲ್ಲಿಸಲೇಬೇಡಿ, ಡಬ್ಬಿ ಹಾಲು ಬೇಡ. ಎರಡು ತಿಂಗಳು ಪಥ್ಯ ಮಾಡಿದಿರಿ, ಕೆನ್ನೆ ಹಾಗೇ ಇದೆ. ಆ ಪಥ್ಯದಿಂದ ಉಪಯೋಗ ಇಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಹಾಲೂಡಿಸುವ ತಾಯಿಗೆ ಬೇರೆಯವರಿಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿಯೇ ಬೇಕು. ನೀವು ಅರೆಹೊಟ್ಟೆಯಲ್ಲಿ, ನಿದ್ದೆ ಇಲ್ಲದೆ, ಎಲ್ಲ ತಪ್ಪೂ ನನ್ನದೇ ಅಂದುಕೊಂಡು ದಿನ ತಳ್ಳುತ್ತಿದ್ದೀರಿ. ಓದಿ ಸಂಕಟವಾಯಿತು. ನೀವು ಏನೂ ತಪ್ಪು ಮಾಡಿಲ್ಲ.

ಈಗ ಕೆನ್ನೆಯ ವಿಷಯ. ಪತ್ರ ಓದಿ ಖಚಿತವಾಗಿ ಹೇಳಲು ಆಗಲ್ಲ, ಮಗುವನ್ನು ಕಣ್ಣಾರೆ ನೋಡಲೇಬೇಕು. ಆದರೂ ನೀವು ಬರೆದಿರುವ ಒಂದೊಂದು ಗುರುತೂ ಮಕ್ಕಳ ಇಸುಬಿನ ಕಡೆಗೇ ಬೆರಳು ತೋರಿಸುತ್ತದೆ. ಡಾಕ್ಟರುಗಳು ಇದನ್ನು ಅಟೋಪಿಕ್ ಡರ್ಮಟೈಟಿಸ್ ಅಂತ ಬರೆಯುತ್ತಾರೆ. ಇದು ಹೆಚ್ಚಾಗಿ ಎರಡರಿಂದ ಆರು ತಿಂಗಳೊಳಗೆ, ಮೊದಲು ಕೆನ್ನೆ, ಹಣೆ, ತಲೆಯಲ್ಲಿ ಶುರುವಾಗುತ್ತದೆ. ಆಮೇಲೆ ಮೊಣಕೈ ಮೊಣಕಾಲಿನ ಹೊರಭಾಗಕ್ಕೆ ಬರಬಹುದು. ಮೂಗಿನ ತುದಿ ಮತ್ತು ಡೈಪರ್ ಜಾಗ ಚೆನ್ನಾಗಿರುವುದು ಇದರದ್ದೇ ಲಕ್ಷಣ. ಹೆಗಲಿಗೆ ಮುಖ ಉಜ್ಜುತ್ತಾಳೆ ಅಂದಿರಲ್ಲ, ಅದು ತುರಿಕೆ. ಐದು ತಿಂಗಳ ಮಗುವಿಗೆ ಕೈಯಿಂದ ಸರಿಯಾಗಿ ಕೆರೆದುಕೊಳ್ಳಲು ಬರಲ್ಲ, ಅದಕ್ಕೇ ಸಿಕ್ಕಿದ್ದಕ್ಕೆ ಮುಖ ಉಜ್ಜುತ್ತದೆ. ಜೊತೆಗೆ ಅಪ್ಪನಿಗೆ ಧೂಳಿನ ಅಲರ್ಜಿ, ಉಬ್ಬಸ. ಇಸುಬು ಸೇರಿ ಇವು ಮೂರೂ ಒಂದೇ ಮನೆತನದಲ್ಲಿ ಓಡಾಡುವ ಕಾಯಿಲೆಗಳು.

ಬೇರೆ ಯಾವುದೂ ಯಾಕಲ್ಲ ಅಂತಲೂ ಹೇಳುತ್ತೇನೆ. ಬೆವರುಗುಳ್ಳೆಯಾದರೆ ಕುತ್ತಿಗೆ, ಬೆನ್ನು, ಮಡಿಕೆಗಳಲ್ಲಿ ಬಂದು, ಗಾಳಿ ಆಡಿದರೆ ಎರಡು ಮೂರು ದಿನಕ್ಕೆ ಇಳಿಯುತ್ತದೆ. ತಲೆಹೊಟ್ಟಿನ ಜಾತಿಯದ್ದಾದರೆ ಹಳದಿ, ಜಿಡ್ಡು ಜಿಡ್ಡಾದ ಪೊರೆ ತಲೆ, ಹುಬ್ಬು, ಕಿವಿಯ ಹಿಂದೆ ಕೂರುತ್ತದೆ, ಆದರೆ ಮಗುವಿಗೆ ಅಷ್ಟೇನೂ ಕಿರಿಕಿರಿ ಇರಲ್ಲ, ನಿದ್ದೆಗೆಡಿಸಲ್ಲ. ಜೊಲ್ಲಿನಿಂದ ಆಗುವ ಕೆಂಪು ಗಲ್ಲ ಮತ್ತು ಬಾಯಿಯ ಸುತ್ತ ಮಾತ್ರ ಇರುತ್ತದೆ.

ಆದರೆ ನಿಮ್ಮ ಮಗಳ ಬಾಯಿಯ ಸುತ್ತ ಎದ್ದಿರುವ ಗುಳ್ಳೆಗೆ ಜೊಲ್ಲಿಗಿಂತ ಆ ಟ್ಯೂಬಿನ ಮೇಲೇ ನನಗೆ ಅನುಮಾನ. ದಯವಿಟ್ಟು ಈಗಲೇ ಎದ್ದು ಹೋಗಿ ಅದನ್ನು ತನ್ನಿ. ದೊಡ್ಡ ಅಕ್ಷರದಲ್ಲಿರುವ ಹೆಸರು ಬಿಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಬೆಳಕಿಗೆ ಹಿಡಿದು ಓದಿ. ಟ್ಯೂಬಿನ ಬುಡವನ್ನು ಸುರುಳಿ ಸುತ್ತಿದ್ದರೆ ಬಿಚ್ಚಿ ನೋಡಿ, ಕೆಲವು ಸಾಲು ಅಲ್ಲೇ ಮುಚ್ಚಿಹೋಗಿರುತ್ತವೆ. ಕ್ಲೊಬೆಟಾಸಾಲ್, ಬೆಕ್ಲೊಮೆಟಾಸೋನ್, ಬೀಟಾಮೆಥಾಸೋನ್ ಅಂತ ಇದೆಯಾ? ಜೊತೆಗೆ ನಿಯೊಮೈಸಿನ್, ಮೈಕೊನಜೋಲ್ ಅಥವಾ ಕ್ಲೊಟ್ರಿಮಜೋಲ್ ಅಂತ ಇನ್ನೊಂದೆರಡು ಹೆಸರು? ಇದ್ದರೆ ಅದು ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಎಲ್ಲ ಕಲಸಿದ ಕ್ರೀಮು. ಕಾಯಿಲೆ ಯಾವುದು ಅಂತ ಗೊತ್ತಿಲ್ಲದಾಗ ಎಲ್ಲಕ್ಕೂ ಒಂದೇ ಅಂತ ಕೊಡುವ ಮದ್ದು. ಇವುಗಳಲ್ಲಿ ಕ್ಲೊಬೆಟಾಸಾಲ್ ಅತಿ ಜೋರಿನದು, ದೊಡ್ಡವರ ಮುಖಕ್ಕೇ ಹಚ್ಚಬಾರದು. ಮಗುವಿನ ಚರ್ಮ ತೆಳು, ಔಷಧಿ ಒಳಗೆ ರಕ್ತಕ್ಕೂ ಇಳಿಯುತ್ತದೆ. ಹಚ್ಚಿದಾಗ ನಾಲ್ಕು ದಿನಕ್ಕೆ ಮಾಯ, ಬಿಟ್ಟರೆ ದುಪ್ಪಟ್ಟು, ಆಮೇಲೆ ಬಾಯಿಯ ಸುತ್ತ ಗುಳ್ಳೆ, ಚರ್ಮ ತೆಳ್ಳಗಾಗಿ ನರ ಕಾಣುವುದು, ಹೀಗೇ ಸಾಗುತ್ತದೆ ಅದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ತಾಯಂದಿರು ನನ್ನ ಮುಂದೆ ಬ್ಯಾಗ್ ಬಿಚ್ಚಿದರೆ ಇಂಥ ಎರಡು ಮೂರು ಟ್ಯೂಬ್ ಬೀಳುತ್ತವೆ. ನನಗೆ ಸಿಟ್ಟು ಬರುವುದು ಅಮ್ಮನ ಮೇಲಲ್ಲ, ಚೀಟಿ ಕೇಳದೆ ಕೊಡುವ ಈ ಅಭ್ಯಾಸದ ಮೇಲೆ.

ಮೂರು ಟ್ಯೂಬ್ ಆಗಿರುವುದರಿಂದ ಈ ವಾರವೇ ಚರ್ಮದ ಡಾಕ್ಟರಿಗೋ ಮಕ್ಕಳ ಡಾಕ್ಟರಿಗೋ ತೋರಿಸಿ. ಖಾಲಿ ಟ್ಯೂಬ್ ಜೊತೆಗೇ ಒಯ್ಯಿರಿ. ಎಷ್ಟು ದಿನ ಹಚ್ಚಿದ್ದೀರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ನಿಲ್ಲಿಸಿದ ಮೇಲೆ ಸ್ವಲ್ಪ ದಿನ ಕೆಂಪು ಇನ್ನೂ ಏರಬಹುದು, ಆಗ ಹೆದರಿ ಮತ್ತೆ ಅದನ್ನೇ ಹಚ್ಚುವುದೇ ದೊಡ್ಡ ಅಪಾಯ. ಡಾಕ್ಟರು ಬಹುಶಃ 1% ಹೈಡ್ರೊಕಾರ್ಟಿಸೋನ್‌ನಂಥ ಮೆತ್ತಗಿನದನ್ನು ಕೆಲವೇ ದಿನಕ್ಕೆ ಬರೆಯುತ್ತಾರೆ. ಅದೂ ಸ್ಟೀರಾಯ್ಡೇ ಅಲ್ವಾ ಅಂತ ಹೆದರಿ ಹಚ್ಚದೇ ಇರಬೇಡಿ. ಎರಡಕ್ಕೂ ಹಗಲು ರಾತ್ರಿಯ ವ್ಯತ್ಯಾಸ ಇದೆ. ಅಳತೆ ಹೀಗೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಐದು ತಿಂಗಳ ಮಗುವಿನ ಮುಖ, ಕುತ್ತಿಗೆ ಪೂರ್ತಿಗೂ ಅಷ್ಟು ಸಾಕು. ಬರೀ ಕೆನ್ನೆಗಾದರೆ ಇನ್ನೂ ಕಡಿಮೆ.

ಆದರೆ ನಿಜವಾದ ಮದ್ದು ಜಿಡ್ಡು. ಸಾರಿಸಿದ ಅಂಗಳ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದಲ್ಲ, ಈ ಮಕ್ಕಳ ಚರ್ಮವೂ ಹುಟ್ಟಿನಿಂದಲೇ ಹಾಗೆ. ನೀರು ಹಿಡಿದಿಟ್ಟುಕೊಳ್ಳಲ್ಲ, ಬಿರುಕಿನಿಂದ ಸೋಪು, ಧೂಳು ಒಳಗೆ ಹೋಗಿ ಕೆರಳಿಸುತ್ತವೆ. ಅದಕ್ಕೇ ಮೊದಲು ಸ್ನಾನ ಬದಲಾಯಿಸಿ. ನಿಮ್ಮ ಮೊಣಕೈಗೆ ಬೆಚ್ಚಗೆ ಅನ್ನಿಸುವಷ್ಟೇ ನೀರು, ಐದರಿಂದ ಹತ್ತು ನಿಮಿಷ. ಕಡಲೆಹಿಟ್ಟು, ಅರಿಶಿನ, ಸೀಗೆಕಾಯಿ ಯಾವುದೂ ಬೇಡ. ಹಿಟ್ಟು ನಮ್ಮ ಕೈಗೆ ನುಣುಪು, ಒಡೆದ ಕೆನ್ನೆಗೆ ಅದು ಮರಳು. ಮುಖಕ್ಕೆ ಬರೀ ನೀರು ಸಾಕು. ಮೆತ್ತನೆಯ ಹತ್ತಿ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ, ಇನ್ನೂ ಹಸಿ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ವಾಸನೆ ಬಣ್ಣ ಇಲ್ಲದ ದಪ್ಪ ಮಾಯಿಶ್ಚರೈಸರ್ ಹಚ್ಚಿ. ದುಬಾರಿಯದ್ದೇ ಬೇಕಿಲ್ಲ, ಸಾದಾ ಪೆಟ್ರೋಲಿಯಂ ಜೆಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಶುದ್ಧ ಕೊಬ್ಬರಿ ಎಣ್ಣೆಯೂ ಆಗುತ್ತದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ದಿನಕ್ಕೆ ನಾಲ್ಕೈದು ಸಲವಾದರೂ ಹಚ್ಚಿ, ಮೈಗೆಲ್ಲ ಹಚ್ಚಿ. ವಾರಕ್ಕೆ 100 ಗ್ರಾಂ ಡಬ್ಬಿ ಖಾಲಿಯಾದರೆ ಸರಿಯಾಗಿ ಹಚ್ಚುತ್ತಿದ್ದೀರಿ ಅಂತ ಅರ್ಥ. ತಿಂಗಳಿಗೊಂದು ಡಬ್ಬಿ ಆದರೆ ಸಾಲುತ್ತಿಲ್ಲ. ಹಾಲು ಕುಡಿಸುವ ಮುಂಚೆ ಬಾಯಿಯ ಸುತ್ತ ತೆಳ್ಳಗೆ ಸವರಿದರೆ ಜೊಲ್ಲು, ಹಾಲು ಚರ್ಮಕ್ಕೆ ತಾಗಲ್ಲ. ಸ್ಟೀರಾಯ್ಡ್ ಹಚ್ಚುವ ಹೊತ್ತಿಗೆ ಎರಡರ ನಡುವೆ ಹದಿನೈದು ಇಪ್ಪತ್ತು ನಿಮಿಷ ಬಿಡಿ.

ಇನ್ನೊಂದು, ಯಾರೂ ಗಮನಿಸದ ಸಂಗತಿ. ಮಗು ಮುಖ ಉಜ್ಜುವುದು ಯಾರ ಹೆಗಲಿಗೆ? ನಿಮ್ಮ ಹೆಗಲ ಮೇಲೆ ನೈಲಾನ್ ನೈಟಿ, ಜರಿ ಅಂಚು, ತಾಳಿ ಸರ, ಸೇಫ್ಟಿ ಪಿನ್ ಏನಿದೆ ನೋಡಿಕೊಳ್ಳಿ. ಹಳೆಯ ಹತ್ತಿ ಪಂಚೆ ಮಡಿಸಿ ಹೆಗಲಿಗೆ ಹಾಕಿಕೊಂಡು ಎತ್ತಿಕೊಂಡರೆ ಸಾಕು, ಎಷ್ಟೋ ಕಡಿಮೆಯಾಗುತ್ತದೆ. ಅತ್ತೆಯವರು ಚಳಿಗೆ ಹಾಕುವ ಉಣ್ಣೆ ಟೋಪಿಯ ಒಳಗೆ ಒಂದು ತೆಳು ಹತ್ತಿ ಕುಲಾವಿ ಹಾಕಿ. ಸಾಂಬ್ರಾಣಿ ಹೊಗೆ ನಿಲ್ಲಿಸಿ, ಅಪ್ಪನಿಗೆ ಉಬ್ಬಸ ಇದ್ದ ಮನೆಯಲ್ಲಿ ಮಗುವಿಗೆ ಹೊಗೆ ಕೊಡಲೇಬಾರದು. ಉಗುರು ವಾರಕ್ಕೆರಡು ಸಲ ಕತ್ತರಿಸಿ.

ನಂಜಿನ ವಿಷಯ ಅತ್ತೆಯವರಿಗೆ ಓದಿ ಹೇಳಿ, ಅವರದ್ದೂ ಮೊಮ್ಮಗಳ ಮೇಲಿನ ಪ್ರೀತಿಯೇ. ಕೆಲವು ಮಕ್ಕಳಿಗೆ ಹಸುವಿನ ಹಾಲಿನಂಥ ಆಹಾರದಿಂದ ಇಸುಬು ಕೆರಳುವುದು ನಿಜ. ಆದರೆ ಅಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಬೇರೆ ಗುರುತೂ ಇರುತ್ತದೆ: ಮಲದಲ್ಲಿ ರಕ್ತ, ಬಿಡದ ವಾಂತಿ, ತೂಕ ಏರದಿರುವುದು, ತಿಂದ ಸ್ವಲ್ಪ ಹೊತ್ತಿಗೇ ಮೈ ದದ್ದೇಳುವುದು. ಹಾಗಿದ್ದರೆ ಡಾಕ್ಟರು ಒಂದೇ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಬಿಡಿಸಿ, ಮತ್ತೆ ತಿನ್ನಿಸಿ ನೋಡುತ್ತಾರೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಅಂತಲೂ ಗೊತ್ತಾಗಲ್ಲ. ಆರು ತಿಂಗಳಾದ ಮೇಲೆ ರಾಗಿ ಸರಿ, ಬೇಳೆ ಶುರುಮಾಡುವಾಗ ಮೊಟ್ಟೆ, ಶೇಂಗಾವನ್ನು ವರ್ಷಗಟ್ಟಲೆ ಮುಂದೂಡಬೇಡಿ. 2015ರಲ್ಲಿ ಲಂಡನ್ನಿನಿಂದ ಬಂದ ಅಧ್ಯಯನದಲ್ಲಿ, ಜೋರು ಇಸುಬು ಇದ್ದ ಮಕ್ಕಳಿಗೆ ಬೇಗ ಶೇಂಗಾ ತಿನ್ನಿಸಿದಾಗ ಶೇಂಗಾ ಅಲರ್ಜಿ ತುಂಬಾ ಕಡಿಮೆಯಾಗಿತ್ತು. ಇಡೀ ಕಾಳು ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ರುಬ್ಬಿ ತೆಳ್ಳಗೆ ಕಲಸಿ, ನಿಮ್ಮ ಡಾಕ್ಟರನ್ನು ಕೇಳಿಕೊಂಡು ಕೊಡಿ.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಕೆನ್ನೆಯಿಂದ ನೀರು ಸೋರಿ ಜೇನುಬಣ್ಣದ ಹೊಪ್ಪಳಿಕೆ ಕಟ್ಟಿದರೆ ಬ್ಯಾಕ್ಟೀರಿಯಾ ಸೇರಿದೆ ಅಂತ. ಒಂದೇ ಅಳತೆಯ ನೀರುಗುಳ್ಳೆ ಗುಂಪಾಗಿ ಎದ್ದು, ಚುಚ್ಚಿ ತೆಗೆದಂಥ ಹುಣ್ಣಾಗಿ, ಜ್ವರ ಬಂದು ಮಗು ಹಾಲು ಬಿಟ್ಟರೆ ಅದು ಹರ್ಪಿಸ್ ಸೋಂಕಿರಬಹುದು, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಿ. ತುಟಿ ಮೇಲೆ ಜ್ವರದ ಗುಳ್ಳೆ ಎದ್ದಿರುವ ಯಾರೂ, ಎಷ್ಟೇ ಹತ್ತಿರದವರಾಗಲಿ, ಈ ಮಗುವಿಗೆ ಮುತ್ತು ಕೊಡಬಾರದು.

ಪೂರ್ತಿ ಹೋಗುತ್ತಾ ಅಂತ ಕೇಳುತ್ತೀರಿ, ಗೊತ್ತು. ಬರುತ್ತೆ, ಹೋಗುತ್ತೆ. ಚಳಿಗಾಲದಲ್ಲಿ, ಹಲ್ಲು ಬರುವಾಗ, ನೆಗಡಿಯಾದಾಗ ಮತ್ತೆ ಕಾಣಿಸಬಹುದು. ಬಹಳಷ್ಟು ಮಕ್ಕಳಿಗೆ ಶಾಲೆಗೆ ಹೋಗುವ ಹೊತ್ತಿಗೆ ತುಂಬಾ ಇಳಿದಿರುತ್ತದೆ. ಅಲ್ಲಿವರೆಗೆ ಕೆನ್ನೆ ಚೆನ್ನಾಗಿರುವ ದಿನವೂ ಜಿಡ್ಡು ಹಚ್ಚುವುದು ಬಿಡಬೇಡಿ.

ಪ್ರಶ್ನೆ: ನನ್ನ ಮಗನಿಗೆ 22 ದಿನ. ಮುಖದ ತುಂಬ ಮೊಡವೆಯಂಥ ಗುಳ್ಳೆ. ಮಗು ಆರಾಮಾಗಿ ಹಾಲು ಕುಡಿದು ಮಲಗುತ್ತದೆ. ಏನು ಹಚ್ಚಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಏನೂ ಹಚ್ಚಬೇಡಿ. ಹುಟ್ಟಿದ ಎರಡು ಮೂರು ವಾರಕ್ಕೆ ಬರುವ ಈ ಗುಳ್ಳೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ಹಿಸುಕಬೇಡಿ, ಮುಖಕ್ಕೆ ಎಣ್ಣೆ ಬಳಿಯಬೇಡಿ, ಬರೀ ನೀರಲ್ಲಿ ಒರೆಸಿ. ಜ್ವರ ಬಂದರೆ, ಹಾಲು ಬಿಟ್ಟರೆ, ಗುಳ್ಳೆಯಲ್ಲಿ ನೀರು ತುಂಬಿದರೆ ಮಾತ್ರ ತಡಮಾಡದೆ ತೋರಿಸಿ.

ಪ್ರಶ್ನೆ: ಏಳು ತಿಂಗಳ ಮಗುವಿಗೆ ಮುಖ, ಅಂಗೈ, ಅಂಗಾಲಿನಲ್ಲೆಲ್ಲ ಗುಳ್ಳೆ. ಇಸುಬು ಅಂತ ಮುಲಾಮು ಹಚ್ಚಿದರೂ ಬಗ್ಗಲಿಲ್ಲ. ಈಗ ನನಗೂ ನನ್ನ ತಂಗಿಗೂ ರಾತ್ರಿಯಾದರೆ ತುರಿಕೆ.
– ಓದುಗರು, ಕೊಪ್ಪಳ

ಉತ್ತರ: ಮನೆಯಲ್ಲಿ ಮೂವರಿಗೆ ರಾತ್ರಿ ತುರಿಕೆ, ಮಗುವಿನ ಅಂಗೈ ಅಂಗಾಲಲ್ಲಿ ಗುಳ್ಳೆ ಅಂದರೆ ಅದು ಕಜ್ಜಿ ಇರುವ ಸಾಧ್ಯತೆಯೇ ಜಾಸ್ತಿ. ಒಂದು ಸಣ್ಣ ಹುಳ ಚರ್ಮದೊಳಗೆ ಕೊರೆದು ಕೂತಿರುತ್ತದೆ, ಕೊಳಕಿಗೂ ಇದಕ್ಕೂ ಸಂಬಂಧ ಇಲ್ಲ, ನಾಚಿಕೆ ಪಡಬೇಡಿ. ಡಾಕ್ಟರು ನೋಡಿ 5% ಪರ್ಮೆತ್ರಿನ್ ಬರೆದರೆ, ತುರಿಕೆ ಇರಲಿ ಇಲ್ಲದಿರಲಿ, ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಿ, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ದೊಡ್ಡವರು ಕುತ್ತಿಗೆಯಿಂದ ಕೆಳಗೆ ಹಚ್ಚಿದರೆ ಸಾಕು. ಮಗುವಿಗೆ ಕಣ್ಣು, ಬಾಯಿಯ ಸುತ್ತ ಬಿಟ್ಟು ತಲೆ, ಮುಖಕ್ಕೂ ಹಚ್ಚಬೇಕು, ಕೈ ಬಾಯಿಗೆ ಹಾಕದಂತೆ ಕೈಗಳಿಗೆ ಕಾಲುಚೀಲ ತೊಡಿಸಿ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟಬೇಡಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಔಷಧಿ ಕೆಲಸ ಮಾಡಲಿಲ್ಲ ಅಂತ ದಿನಾ ಹಚ್ಚುತ್ತಾ ಕೂರಬೇಡಿ.